13ನೇ ಕ್ಷೇತ್ರದ ಸಂಸದರು ಯಾರು? ಯಾವ ದಿನದ ಮಾತು?

ಅಮೆರಿಕದ ಸಂಸದರು ಮತ್ತು ಅವರ ಕ್ಷೇತ್ರಗಳ ದಾಖಲೆ ನೋಡಿಕೊಳ್ಳುವುದು ನನ್ನ ಕೆಲಸ. ಜನ ತಮ್ಮ ವಿಳಾಸ ಕೊಟ್ಟರೆ ಅವರ ಪ್ರತಿನಿಧಿ ಯಾರೆಂದು ತೋರಿಸುವ ಸೇವೆಗೆ ಈ ಮಾಹಿತಿ ಹೋಗುತ್ತದೆ. ಹಳೆಯ ವಿಷಯ ಹುಡುಕುವ ಪತ್ರಕರ್ತರೂ ಇದನ್ನೇ ನೋಡುತ್ತಾರೆ. ನನ್ನ ಪಾಲಿಗೆ ಬಂದ ರಾಜ್ಯಗಳಲ್ಲಿ ಮಿಶಿಗನ್ ಒಂದು. ನಾನು ಕಲಿತದ್ದರಲ್ಲಿ ಬಹುಪಾಲು ಆ ರಾಜ್ಯದಿಂದಲೇ.

ನಮ್ಮ ಲೋಕಸಭಾ ಕ್ಷೇತ್ರಗಳಿಗೆ ಊರಿನ ಹೆಸರಿರುತ್ತದೆ. ಅಲ್ಲಿ ಬರೀ ಸಂಖ್ಯೆ. ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಗಡಿ ಬದಲಾಗುತ್ತದೆ, ಸಂಖ್ಯೆಯೂ ಓಡಾಡುತ್ತದೆ. 2023ರಲ್ಲಿ ಮಿಶಿಗನ್ 14 ಸೀಟಿನಿಂದ 13ಕ್ಕೆ ಇಳಿಯಿತು. ಆಗ 2ನೇ ಕ್ಷೇತ್ರದ ಬಿಲ್ ಹೈಜೆಂಗಾ 4ನೆಯದಕ್ಕೆ ಹೋದರು, 4ನೇ ಕ್ಷೇತ್ರದ ಜಾನ್ ಮೂಲೆನಾರ್ 2ನೆಯದಕ್ಕೆ ಬಂದರು. ಡೆಬ್ಬಿ ಡಿಂಗೆಲ್ 12ರಿಂದ 6ಕ್ಕೆ ಹೋದರು. ರಶೀದಾ ತ್ಲೈಬ್ 13ರಿಂದ 12ಕ್ಕೆ. ಖಾಲಿಯಾದ 13ನೆಯದರಲ್ಲಿ ಗೆದ್ದವರು ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್.

ನಮ್ಮ ಕೈಗೆ ಬಂದ ಹಳೆಯ ಟೇಬಲ್‌ನಲ್ಲಿ ಒಬ್ಬ ಸಂಸದರಿಗೆ ಒಂದೇ ಸಾಲು, ಒಂದೇ ಕ್ಷೇತ್ರದ ಕಾಲಂ ಇತ್ತು. ಹೊಸ ಸಂಖ್ಯೆ ಬಂದಾಗ ಹಳೆಯದರ ಮೇಲೆ ಬರೆದುಬಿಡುವುದು ರೂಢಿ. ಇಂದಿನ ಉತ್ತರ ಸರಿಯಾಗೇ ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ತ್ಲೈಬ್ 2019ರಲ್ಲೂ 12ನೇ ಕ್ಷೇತ್ರದವರಾಗಿಬಿಡುತ್ತಾರೆ. ಹೆಸರಿನ ಕಾಗುಣಿತ ತಪ್ಪಿದರೆ ಯಾರಾದರೂ ಪತ್ರ ಬರೆದು ಹೇಳುತ್ತಾರೆ. ಈ ತಪ್ಪನ್ನು ಯಾರೂ ಹೇಳುವುದಿಲ್ಲ. ಅದಕ್ಕೇ ಇದು ಜಾಸ್ತಿ ಅಪಾಯ.

ಡೆಬ್ಬಿಯವರ ಗಂಡ ಜಾನ್ ಡಿಂಗೆಲ್ ಅವರನ್ನೇ ನೋಡಿ. 1955ರ ಕೊನೆಯಿಂದ 2015ರ ಜನವರಿವರೆಗೆ ಸಂಸದರಾಗಿದ್ದರು. ಮೊದಲು 15ನೇ ಕ್ಷೇತ್ರ, ಆಮೇಲೆ 16, ಮತ್ತೆ 15, ಕೊನೆಗೆ 12. ಅವರಿಗೂ ಮುಂಚೆ 15ನೆಯದರಲ್ಲಿ ಇದ್ದವರು ಅವರ ತಂದೆ, ಅವರ ಹೆಸರೂ ಜಾನ್ ಡಿಂಗೆಲ್. ಹೆಸರು ನೋಡಿ ಜೋಡಿಸಿದರೆ ಅಪ್ಪ ಮಗ ಒಂದಾಗುತ್ತಾರೆ. ಕ್ಷೇತ್ರ ನೋಡಿ ಜೋಡಿಸಿದರೆ ಒಬ್ಬರೇ ಮೂವರಾಗುತ್ತಾರೆ. ಅಲ್ಲಿನ ಸಂಸತ್ತು ಪ್ರತಿ ಸದಸ್ಯರಿಗೂ ಬಯೋಗೈಡ್ ಐಡಿ ಕೊಡುತ್ತದೆ, ಒಂದು ಅಕ್ಷರ ಮತ್ತು ಆರು ಅಂಕಿ. ನಾವು ವ್ಯಕ್ತಿಯನ್ನು ಹಿಡಿಯುವುದು ಅದರಿಂದಲೇ.

ನನಗೆ ಅತಿ ಹೆಚ್ಚು ಪಾಠ ಕಲಿಸಿದ್ದು 13ನೇ ಕ್ಷೇತ್ರದ 2018ನೇ ವರ್ಷ. ಜಾನ್ ಕಾನ್ಯರ್ಸ್ 2017ರ ಡಿಸೆಂಬರ್ 5ರಂದು ರಾಜೀನಾಮೆ ಕೊಟ್ಟರು. ಸೀಟು ಹೆಚ್ಚುಕಡಿಮೆ ಒಂದು ವರ್ಷ ಖಾಲಿ ಬಿತ್ತು. 2018ರ ನವೆಂಬರ್‌ನಲ್ಲಿ ಒಂದೇ ದಿನ ಎರಡು ಚುನಾವಣೆ ನಡೆಯಿತು. ಉಳಿದ ಕೆಲವು ವಾರಗಳ ಉಪಚುನಾವಣೆಯಲ್ಲಿ ಬ್ರೆಂಡಾ ಜೋನ್ಸ್ ಗೆದ್ದರು, ಮುಂದಿನ ಪೂರ್ಣ ಅವಧಿಗೆ ತ್ಲೈಬ್ ಗೆದ್ದರು. ಜೋನ್ಸ್ ನವೆಂಬರ್ 29ಕ್ಕೆ ಪ್ರಮಾಣ ಮಾಡಿ, ಜನವರಿ 3ಕ್ಕೆ ಇಳಿದರು. ಹಾಗಾದರೆ 2018ರ ಮಾರ್ಚ್‌ನಲ್ಲಿ 13ನೆಯದಕ್ಕೆ ಯಾರಿದ್ದರು? ಯಾರೂ ಇರಲಿಲ್ಲ. ಅದೇ ಸರಿಯಾದ ಉತ್ತರ, ಅದಕ್ಕೂ ಶುರು ಮತ್ತು ಕೊನೆಯ ತಾರೀಕಿರುವ ಒಂದು ಸಾಲು ಬೇಕು. ಸಾಲೇ ಇಲ್ಲದಿದ್ದರೆ ಅದು ಖಾಲಿ ಸೀಟೋ, ನಾವು ತುಂಬಲು ಬಿಟ್ಟದ್ದೋ ಹೇಗೆ ತಿಳಿಯಬೇಕು?

2012ರಲ್ಲಿ 11ನೇ ಕ್ಷೇತ್ರದ ಕಥೆ ಇನ್ನೂ ಕಷ್ಟದ್ದು. ಥ್ಯಾಡಿಯಸ್ ಮೆಕಾಟರ್ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ನವೆಂಬರ್‌ನಲ್ಲಿ ಉಪಚುನಾವಣೆ ನಡೆದದ್ದು ಹಳೆಯ ಗಡಿಯಲ್ಲಿ, ಅದೇ ದಿನದ ಸಾಮಾನ್ಯ ಚುನಾವಣೆ ಹೊಸ ಗಡಿಯಲ್ಲಿ. ಮೊದಲನೆಯದರಲ್ಲಿ ಡೇವಿಡ್ ಕರ್ಸನ್, ಎರಡನೆಯದರಲ್ಲಿ ಕೆರ್ರಿ ಬೆಂಟಿವೋಲಿಯೊ ಗೆದ್ದರು. ಸಂಖ್ಯೆ ಒಂದೇ, ನಕ್ಷೆ ಎರಡು. ಆದ್ದರಿಂದ ನಮ್ಮಲ್ಲಿ ಈಗ ವ್ಯಕ್ತಿ, ಸೀಟು, ನಕ್ಷೆ ಮೂರೂ ಬೇರೆ ಬೇರೆ ಟೇಬಲ್, ಮೂರಕ್ಕೂ ತಾರೀಕು. ನಕ್ಷೆ ಹತ್ತು ವರ್ಷ ಇರುತ್ತದೆ ಎಂದು ಸುಮ್ನೆ ನಂಬುವ ಹಾಗೂ ಇಲ್ಲ. ನಾರ್ತ್ ಕ್ಯಾರೊಲೈನಾದಲ್ಲಿ 2020, 2022, 2024 ಮೂರೂ ಚುನಾವಣೆ ಬೇರೆ ಬೇರೆ ನಕ್ಷೆಯಲ್ಲಿ ನಡೆದವು.

ಪಕ್ಷಕ್ಕೂ ತಾರೀಕು ಬೇಕು. ಮಿಶಿಗನ್‌ನ ಜಸ್ಟಿನ್ ಅಮಾಶ್ 2019ರ ಜುಲೈ 4ರಂದು ರಿಪಬ್ಲಿಕನ್ ಪಕ್ಷ ಬಿಟ್ಟು ಪಕ್ಷೇತರರಾದರು, 2020ರಲ್ಲಿ ಲಿಬರ್ಟೇರಿಯನ್ ಪಕ್ಷ ಸೇರಿದರು. ಸೀಟು ಅದೇ. ಮೇಲ್ಮನೆಯಾದ ಸೆನೆಟ್‌ಗೆ ಪ್ರತಿ ರಾಜ್ಯದಿಂದ ಹೋಗುವ ಇಬ್ಬರ ಲೆಕ್ಕ ಸುಲಭ, ಅವರಿಗೆ ಕ್ಷೇತ್ರದ ಗೊಡವೆಯಿಲ್ಲ.

ತಂಡಕ್ಕೆ ಹೊಸಬರು ಬಂದಾಗ ನಾನು ಮೊದಲು ಕಲಿಸುವುದು ಒಂದು ಕೂಡುವ ಲೆಕ್ಕ. ಯಾವುದಾದರೂ ಒಂದು ತಾರೀಕು ಹಿಡಿಯಿರಿ. ಆ ದಿನ ಇದ್ದ ಸಂಸದರನ್ನೂ ಖಾಲಿ ಸೀಟುಗಳನ್ನೂ ಕೂಡಿ. ಮೊತ್ತ ಆ ಕಾಲದ ಸೀಟುಗಳ ಸಂಖ್ಯೆಗೆ ಸಮ ಬರಬೇಕು. ಮಿಶಿಗನ್‌ಗೆ ಈಗ 13, 2013ರಿಂದ ಹತ್ತು ವರ್ಷ 14, ಅದಕ್ಕೂ ಹಿಂದಿನ ಹತ್ತು ವರ್ಷ 15. ಹಳೆಯ ಟೇಬಲ್ ಮೇಲೆ ಇದನ್ನು ಓಡಿಸಿದಾಗ 1963ಕ್ಕೆ 19ರ ಬದಲು 18 ಬಂತು. ಬಿಟ್ಟುಹೋಗಿದ್ದವರು ನೀಲ್ ಸ್ಟೇಬ್ಲರ್. ರಾಜ್ಯಕ್ಕೆ ಆಗ ಒಂದು ಸೀಟು ಹೆಚ್ಚಿಗೆ ಸಿಕ್ಕಿತ್ತು, ಆದರೆ ಗಡಿಗಳನ್ನು ಹೊಸದಾಗಿ ಎಳೆದಿರಲಿಲ್ಲ. ಹಾಗಾಗಿ ಅವರು ಇಡೀ ರಾಜ್ಯದಿಂದ ಆರಿಸಿ ಬಂದಿದ್ದರು. ಕ್ಷೇತ್ರದ ಕಾಲಂ ಖಾಲಿ ಇದ್ದುದರಿಂದ ಹುಡುಕಾಟ ಅವರನ್ನು ಕೈಬಿಡುತ್ತಿತ್ತು. ಅಲ್ಲಿ ‘ಇಡೀ ರಾಜ್ಯ’ ಎಂದು ತುಂಬಿದ ಮೇಲೆ 19 ಬಂತು.