ಗುಡ್ಡದ ಮೇಲಿನ ಬಿಲ್ಲೆ

ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದ ಮೇಲೆ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರ, ದಕ್ಷಿಣದ ಪಡೆಗಳು ಕಾದಾಡಿದ ಗೆಟಿಸ್‌ಬರ್ಗ್ ರಣಭೂಮಿಯಲ್ಲಿ ಎರಡು ಸಲ ಓಡಾಡಿ ಬಂದಿದ್ದೆ. ಆದರೂ 1863ರ ಜುಲೈ 2ರ ಮಧ್ಯಾಹ್ನ ಅಲ್ಲಿ ನಡೆದದ್ದೇನೆಂಬುದು ನನಗೆ ಮನದಟ್ಟಾದದ್ದು ಕಳೆದ ಚಳಿಗಾಲದ ಒಂದು ಭಾನುವಾರ, ನೆರೆಮನೆಯ ನಿವೃತ್ತ ಇತಿಹಾಸ ಮೇಷ್ಟ್ರ ಊಟದ ಮೇಜಿನ ಮುಂದೆ.

ಮೇಜಿನ ತುಂಬ ಹಾಸಿದ್ದದ್ದು ಆ ಕದನವನ್ನೇ ಬಿಲ್ಲೆ, ದಾಳಗಳಿಂದ ಮತ್ತೆ ಆಡುವ ಆಟದ ನಕ್ಷೆ; ಅದರ ಮೇಲೆ ಜೇನುಗೂಡಿನಂತೆ ಆರು ಮೂಲೆಯ ಮನೆಗಳಿದ್ದವು. ಚೌಕಾಬಾರದಲ್ಲಿ ಕಾಯಿ ನಡೆಸಿ ಬೆಳೆದ ನನಗೆ ಅದರ ಅಗತ್ಯ ಹೊಳೆಯಲಿಲ್ಲ. ಚೌಕದ ಮೂಲೆಯಿಂದ ಮೂಲೆಗೆ ಹಾಯುವ ದಂಡು ಒಂದೇ ನಡೆಯಲ್ಲಿ ಹೆಚ್ಚು ದೂರ ಸಾಗಿಬಿಡುತ್ತದೆ, ಷಟ್ಕೋನದಲ್ಲಾದರೆ ಸುತ್ತಲಿನ ಆರೂ ಮನೆಗಳು ಸಮದೂರ ಎಂದು ಮೇಷ್ಟ್ರು ವಿವರಿಸಿದರು. ಅವಲಾನ್ ಹಿಲ್ ಎಂಬ ಆಟದ ಕಂಪನಿ ಇದೇ ಕದನದ ಆಟವನ್ನು 1958ರಲ್ಲಿ ಚೌಕಗಳ ಮೇಲೆ ತಂದು, 1961ರಲ್ಲಿ ಷಟ್ಕೋನಕ್ಕೆ ಬದಲಿಸಿತ್ತಂತೆ.

ನನ್ನದು ದಕ್ಷಿಣದ ಪಡೆ, ಮೇಷ್ಟ್ರದು ಉತ್ತರದ್ದು. ಅರ್ಧ ಅಂಗುಲದ ಒಂದೊಂದು ರಟ್ಟಿನ ಬಿಲ್ಲೆಯೂ ಒಂದೊಂದು ಬ್ರಿಗೇಡ್, ಎಂದರೆ ಹಲವು ತುಕಡಿಗಳ ದಂಡು; ಅದರ ಮೇಲೆ ಬಲದ ಅಂಕಿ ಒಂದು, ನಡಿಗೆಯ ಅಂಕಿ ಇನ್ನೊಂದು. ನನ್ನ ಬೆರಳು ತಗುಲಿ ಎರಡು ಬ್ರಿಗೇಡುಗಳು ಹೊಳೆಯೊಳಗೆ ಜಾರಿದ ಮೇಲೆ ಮೇಷ್ಟ್ರು ಮಾತಾಡದೆ ಒಂದು ಚಿಮಟ ತಂದುಕೊಟ್ಟರು.

1863ರ ಆ ದಿನ ದಕ್ಷಿಣದ ಸೇನಾನಿ ಲಾಂಗ್‌ಸ್ಟ್ರೀಟ್‌ನ ದಂಡು ಲಿಟಲ್ ರೌಂಡ್ ಟಾಪ್ ಗುಡ್ಡದ ಮೇಲಿದ್ದ ಉತ್ತರದವರ ಸಂಕೇತ ಠಾಣೆಯ ಕಣ್ಣಿಗೆ ಬೀಳಬಾರದೆಂದು ಬಂದ ದಾರಿಯಲ್ಲೇ ಹಿಂದಿರುಗಿ, ಸುತ್ತು ಬಳಸಿ ನಡೆದು, ದಾಳಿಗೆ ಇಳಿಯುವ ಹೊತ್ತಿಗೆ ಸಂಜೆ ನಾಲ್ಕಾಗಿತ್ತು. ನನಗೇಕೆ ಆ ಸುತ್ತು? ಮೇಷ್ಟ್ರಿಗೆ ಕೂತಲ್ಲಿಂದಲೇ ಎಲ್ಲವೂ ಕಾಣುತ್ತಿತ್ತು. ಲಾಂಗ್‌ಸ್ಟ್ರೀಟ್‌ನ ಕೈಕೆಳಗಿನ ಹುಡ್‌ನ ಡಿವಿಷನ್ನನ್ನು, ಎಂದರೆ ಅವನ ಬ್ರಿಗೇಡುಗಳ ಗುಂಪನ್ನು, ನೇರವಾಗಿ ನಡೆಸಿ, ಎರಡು ಸರದಿ ಮೊದಲೇ ಗುಡ್ಡದ ಬುಡ ಮುಟ್ಟಿದೆ. ಆದರೆ ಮೇಷ್ಟ್ರೂ ಇತಿಹಾಸ ಓದಿದವರೇ. ಉತ್ತರದ ಸೇನಾನಿ ಸಿಕಲ್ಸ್ ಅಂದು ತನ್ನಿಷ್ಟದಂತೆ ಪೀಚ್ ತೋಟದವರೆಗೆ ಮುಂದೊತ್ತಿ ಎಡೆಬಿಟ್ಟ ತಪ್ಪನ್ನು ಅವರೇಕೆ ಮಾಡಿಯಾರು? ಉತ್ತರದವರದೇ ಅಧಿಕಾರಿ ವಾರನ್ ಅಂದು ಕೊನೆಯ ಗಳಿಗೆಯಲ್ಲಿ ಬರಿದಾಗಿ ಕಂಡು ಬೆಚ್ಚಿದ ಆ ಗುಡ್ಡದ ಮೇಲೆ ಮೇಷ್ಟ್ರ ಕಡೆಯ ವಿನ್ಸೆಂಟ್‌ನ ಬ್ರಿಗೇಡ್ ಆಗಲೇ ಕಾದು ಕೂತಿತ್ತು. ಇಳಿಜಾರು ಹತ್ತುವವರ ಬಲ ಅರ್ಧಕ್ಕಿಳಿಯುತ್ತದೆಂಬ ನಿಯಮದಿಂದ ನನ್ನ ದಾಳಿ ಒಂದಕ್ಕೊಂದರ ಲೆಕ್ಕಕ್ಕೆ, ಎಂದರೆ ಸಮಬಲಕ್ಕೆ ಬಂತು. ದಾಳದಲ್ಲಿ ಎರಡು ಬಿತ್ತು, ಹಿಮ್ಮೆಟ್ಟಿದೆ.

ಇಬ್ಬರೂ ಫಲಿತಾಂಶ ಬಲ್ಲವರಾದ್ದರಿಂದ ಇದು ಕದನವಲ್ಲ, ಬರಿಯ ಲೆಕ್ಕ ಎಂದು ನಾನು ಗೊಣಗಿದ್ದಕ್ಕೆ ಮೇಷ್ಟ್ರು ಕಾಫಿ ಬಸಿದು ತಂದು, ತಮ್ಮ ಬಿಲ್ಲೆಗಳನ್ನೆಲ್ಲ ಮಗುಚಿ ಹಾಕಿ, ನಡುವೆ ಏನೂ ಅಚ್ಚಾಗದ ಏಳೆಂಟು ಬಿಲ್ಲೆಗಳನ್ನು ಬೆರೆಸಿದರು. ಪಕ್ಕದ ಮನೆಗೆ ನನ್ನ ಬಿಲ್ಲೆ ಬಂದು ನಿಂತರೆ ಮಾತ್ರ ತಿರುವಿ ತೋರಿಸುವುದು.

ಮತ್ತೆ ಅದೇ ಮಧ್ಯಾಹ್ನ. ಗುಡ್ಡದ ಮೇಲೆ ಒಂದೇ ಒಂದು ಬಿಲ್ಲೆ ಬೆನ್ನು ತೋರಿಸಿ ಮಲಗಿತ್ತು. ಹಿಂದಿನ ಆಟದ ಪೆಟ್ಟು ನೆನಪಿದ್ದುದರಿಂದ ಹುಡ್‌ನನ್ನು ಕಾಡಿನ ಮರೆಯಲ್ಲೇ ತಡೆದು, ಹಿಂದಿನ ಬ್ರಿಗೇಡುಗಳು ಬಂದು ಸೇರಲೆಂದು ಎರಡು ಸರದಿ ಕಾದೆ. ಮೂರನೆಯ ಸರದಿಯಲ್ಲಿ ಮೂರು ಬ್ರಿಗೇಡುಗಳನ್ನು ಒಟ್ಟಿಗೇ ಹತ್ತಿಸಿದಾಗ ಮೇಷ್ಟ್ರು ಆ ಬಿಲ್ಲೆಯನ್ನು ಚಿಮಟದಿಂದಲೇ ಮಗುಚಿದರು. ಅದರ ಮೇಲೆ ಏನೂ ಇರಲಿಲ್ಲ. ಅಷ್ಟರಲ್ಲಿ ಉತ್ತರದ ಇಳಿಜಾರಿನಿಂದ ಅವರ ಎರಡು ಬಿಲ್ಲೆಗಳು ಗುಡ್ಡ ಹತ್ತತೊಡಗಿದ್ದವು.