ಗುಡ್ಡದ ತನಕ ಇಂಟರ್ನೆಟ್ಟು, ಅಲ್ಲಿಂದಾಚೆ ರೇಡಿಯೋ

2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಆ ವಾರ ನಾನು ಶಿರಸಿ ಹತ್ತಿರದ ನಮ್ಮ ಮನೆಯಲ್ಲಿದ್ದೆ. ಕರೆಂಟಿಲ್ಲ, ಹಾಗಾಗಿ ಟವರೂ ಇಲ್ಲ. ಮನೆ ಹಿಂದಿನ ಗುಡ್ಡ ಹತ್ತಿ ಕೊಡೆ ಹಿಡಿದು ನಿಂತರೆ ಎರಡು ಕಡ್ಡಿ ಬರುತ್ತಿತ್ತು, ಆಗ ದಬದಬ ಬೀಳುತ್ತಿದ್ದ ವಾಟ್ಸಾಪ್ ಆಡಿಯೋಗಳಲ್ಲಿ ಯಾವುದು ಇವತ್ತಿನದು, ಯಾವುದು ಹೋದ ವರ್ಷದ್ದು ಅಂತಲೇ ಗೊತ್ತಾಗುತ್ತಿರಲಿಲ್ಲ. ಕೆಳಗಿಳಿದರೆ ಜಗುಲಿಯಲ್ಲಿ ಅಪ್ಪಯ್ಯ. "ಎಂತ ಸುದ್ದಿ ಮಾಣಿ?" ಕೈಯಲ್ಲಿ ರೇಡಿಯೋ. ಸೆಲ್ಲಿನ ಮುಚ್ಚಳ ಎಂದೋ ಕಳೆದಿದೆ, ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಅದೊಂದು ಮಾತ್ರ ಮಾತಾಡುತ್ತಲೇ ಇತ್ತು. ಆದರೆ ನಮ್ಮ ಕೇರಿಯ ದರೆ ಕುಸಿದದ್ದು ಅದಕ್ಕೇನು ಗೊತ್ತು?

ಅವತ್ತಿನಿಂದ ತಲೆಯಲ್ಲಿ ಒಂದೇ ಹುಳ. ನೆಟ್ಟು ಒಂದು ಮನೆಗೆ ಬಂದರೂ ಸಾಕು, ಅಲ್ಲೊಂದು ಇನ್ವರ್ಟರ್, ದನಿ ಬಿತ್ತರಿಸುವ ಒಂದು ವ್ಯಾಟಿನ ಎಫ್‌ಎಂ ಡಬ್ಬಿ. ನೂರು ಮೆಗಾಹರ್ಟ್ಸ್‌ಗೆ ಆಂಟೆನಾ ಅಂದರೆ ಮುಕ್ಕಾಲು ಮೀಟರಿನ ಎರಡು ತಂತಿ, ಅಡಿಕೆ ದಬ್ಬೆಗೆ ಕಟ್ಟಿದರಾಯ್ತು. ಎಫ್‌ಎಂ ನೇರಕ್ಕೆ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಮುಗೀತು. ಹಾಗಾಗಿ ಒಂದೊಂದು ಕಣಿವೆಗೂ ಒಂದೊಂದು ಡಬ್ಬಿ ಬೇಕು, ಎಲ್ಲವೂ ನೆಟ್ಟಿನಲ್ಲಿ ಬರುವ ಒಂದೇ ಆಡಿಯೋ ಸ್ಟ್ರೀಮ್ ಹಿಡಿದು ಬಿತ್ತರಿಸಬೇಕು. ಅತ್ತ ಕಾರವಾರದ ಮೀನುಗಾರರು ಬಂದರು ವಿಸ್ತರಣೆ ಬಗ್ಗೆ ಏನು ಹೇಳುತ್ತಾರೆ ಅನ್ನೋದು ಇತ್ತ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವವನಿಗೂ ಕೇಳುತ್ತದೆ. ನಮ್ಮ ಬೇಡ್ತಿ ನದಿ ತಿರುಗಿಸುವ ಯೋಜನೆಯ ಗೋಳು ಅವರಿಗೂ.

ಇದೇನು ನನ್ನ ತಲೆಯಿಂದ ಬಂದದ್ದಲ್ಲ. 1980ರ ದಶಕದಲ್ಲೇ ಜಪಾನಿನಲ್ಲಿ ತೆತ್ಸುವೋ ಕೊಗಾವಾ ಅನ್ನುವವರು ಪುಟ್ಟ ಎಫ್‌ಎಂಗಳ ಚಳವಳಿಯನ್ನೇ ಮಾಡಿದ್ದರು, ಓಣಿ ಓಣಿಗೆ ಕೇಳುವಷ್ಟೇ ಪವರ್. 1996ರ ಡಿಸೆಂಬರಿನಲ್ಲಿ ಸೆರ್ಬಿಯಾದ ಬೆಲ್‌ಗ್ರೇಡಿನ ಬಿ92 ರೇಡಿಯೋವನ್ನು ಸರ್ಕಾರ ಬಂದ್ ಮಾಡಿದಾಗ ಅವರು ದನಿಯನ್ನು ನೆಟ್ಟಿಗೆ ಹಾಕಿದರು, ಹೊರದೇಶದ ರೇಡಿಯೋಗಳು ಅದನ್ನು ಎತ್ತಿಕೊಂಡು ಮತ್ತೆ ಬಿತ್ತರಿಸಿದವು. ಎರಡೇ ದಿನಕ್ಕೆ ನಿಷೇಧ ಹೋಯ್ತು. ಆಗ ಫೋನ್ ತಂತಿಯಲ್ಲಿ ನಿಧಾನಕ್ಕೆ ನೆಟ್ಟು ಬರುತ್ತಿದ್ದ ಡಯಲಪ್ ಕಾಲ!

ಆದರೆ ಕೇಳಿ, ನಾನು ಡಬ್ಬಿ ಹಚ್ಚಿಲ್ಲ. ಲೈಸೆನ್ಸ್ ಇಲ್ಲದೆ ಊರಿಗೆಲ್ಲ ಕೇಳುವ ಹಾಗೆ ಎಫ್‌ಎಂ ಬಿಡುವುದು ನಮ್ಮಲ್ಲಿ ಅಪರಾಧ. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, 2006ರಿಂದ ಸಂಘಸಂಸ್ಥೆಗಳೂ ಸಮುದಾಯ ರೇಡಿಯೋ ನಡೆಸಲು ಲೈಸೆನ್ಸ್ ಕೇಳಬಹುದು. ನೂರು ವ್ಯಾಟ್ ಸಿಗುತ್ತದೆ. ಸುದ್ದಿ ಬೇಕೆಂದರೆ ಮಾತ್ರ ಆಕಾಶವಾಣಿಯದ್ದನ್ನೇ ಇದ್ದ ಹಾಗೆ ಹಾಕಬೇಕಂತೆ, ಇದು ನನಗೆ ಒಪ್ಪಿಗೆಯಿಲ್ಲ. ಒಂದು ಕಛೇರಿಗೆ ಫೋನ್ ಮಾಡಿ ವಿಚಾರಿಸಿದೆ, ಇನ್ನೊಂದು ಕಛೇರಿಯ ನಂಬರ್ ಕೊಟ್ಟರು.

ಕೋಲಾರದ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಅನ್ನುವ ಸಮುದಾಯ ರೇಡಿಯೋದವರು ಇದನ್ನೇ ಬೇರೆ ಥರ ಬಿಡಿಸಿದ್ದರು. ಲೈಸೆನ್ಸ್ ಸಿಗದ ಕಾಲಕ್ಕೆ ಊರಿನ ಕೇಬಲ್ ತಂತಿಯಲ್ಲೇ ದನಿ ಹರಿಸಿದರು. ನಮ್ಮಲ್ಲಿ ಕೇಬಲ್ಲೂ ಇಲ್ಲ, ಮನೆಯಿಂದ ಮನೆಗೆ ಒಂದೊಂದು ತೋಟ.

ಸದ್ಯಕ್ಕೆ ನಾವು ಮಾಡುತ್ತಿರುವುದು ಇಷ್ಟೇ. ಗುಡ್ಡ ಹತ್ತಿದವರು ಹತ್ತು ನಿಮಿಷದ ಆಡಿಯೋ ಇಳಿಸಿಕೊಂಡು ಬರುತ್ತಾರೆ, ಸಂಜೆ ಅಂಗಡಿ ಕಟ್ಟೆ ಮೇಲೆ ಬ್ಲೂಟೂತ್ ಸ್ಪೀಕರಿನಲ್ಲಿ ಹಾಕುತ್ತೇವೆ. ಅಪ್ಪಯ್ಯನಿಗೆ ಅದೂ ಸಮಾಧಾನವಿಲ್ಲ. ಮಳೆಯಲ್ಲಿ ಅಲ್ಲಿ ತನಕ ಯಾರು ಬರ್ತಾರೆ, ನನ್ನ ರೇಡಿಯೋಕ್ಕೇ ಬರಲಿ ಅಂತಾರೆ.