ಸೈಕಲ್ ಲೇನ್ ಬೇಕಂತೆ, ಕಾರಿನವನಿಗೆ!

ಎಡಗೈ ಕಿರುಬೆರಳು ಊದಿ ಬದನೆಕಾಯಿ ಆಗಿದೆ. ಕಳೆದ ಗುರುವಾರದ ಕಥೆ ಇದು. ಸಂಜೆ ಅಂಗಡಿ ಲೆಕ್ಕ ಮುಗಿಸಿ ಸೈಕಲ್ ಹತ್ತಿದ್ದೆ. ಮೈಸೂರಿನ ದೇವರಾಜ ಮಾರ್ಕೆಟ್ ಪಕ್ಕದಿಂದ ಕುವೆಂಪುನಗರಕ್ಕೆ ನನ್ನ ದಾರಿ ನಾಲ್ಕು ಕಿಲೋಮೀಟರ್ ಚಿಲ್ಲರೆ. ಮನೆಗೆ ಇನ್ನು ಎರಡು ಅಡ್ಡರಸ್ತೆ ಇದೆ ಅನ್ನುವಾಗ, ರಸ್ತೆ ಬದಿ ನಿಂತಿದ್ದ ಕಾರಿನ ಡ್ರೈವರ್ ಬಾಗಿಲು ದಢ್ ಅಂತ ತೆರೆದುಕೊಂಡಿತು. ಹ್ಯಾಂಡಲ್ ತುದಿ ಬಾಗಿಲಿಗೆ ಬಡಿಯಿತು, ಮಧ್ಯೆ ಸಿಕ್ಕಿದ್ದು ನನ್ನ ಬೆರಳು. ಬಲಕ್ಕೆ ಬಿದ್ದೆ. ಪುಣ್ಯಕ್ಕೆ ಹಿಂದೆ ಬಸ್ ಇರಲಿಲ್ಲ. ಹ್ಯಾಂಡಲ್‌ಗೆ ನೇತುಹಾಕಿದ್ದ ಮೊಸರಿನ ಪ್ಯಾಕೆಟ್ ಒಡೆದು ಬೆಲ್ಲಿನೊಳಗೆಲ್ಲ ಇಳಿದಿತ್ತು. ಎರಡು ದಿನ ಬೆಲ್ ಹೊಡೆದರೆ ಹುಳಿ ವಾಸನೆ. ಬಾಗಿಲು ತೆಗೆದ ಹುಡುಗ ಒಳ್ಳೆಯವನು ಪಾಪ. 'ಸಾರಿ ಅಂಕಲ್, ನೋಡ್ಲಿಲ್ಲ' ಅಂತ ಸೈಕಲ್ ಎತ್ತಿ ಕೊಟ್ಟ.

ಭಾನುವಾರ ಮಂಡ್ಯದಿಂದ ನನ್ನ ಭಾಮೈದ ಬಂದ. ಕಾರಲ್ಲೇ. ಬೆರಳು ನೋಡಿದ್ದೇ ಶುರು ಮಾಡಿದ.

'ಅದಕ್ಕೇ ಭಾವ ಹೇಳೋದು, ಸೈಕಲ್‌ಗೆ ಬೇರೆ ಲೇನ್ ಬೇಕು ಅಂತ. ನೀವು ನಿಮ್ಮ ಪಾಡಿಗೆ, ನಾವು ನಮ್ಮ ಪಾಡಿಗೆ.'

ಸೈಕಲ್ ತುಳಿಯುವ ನಾನು ಲೇನ್ ಬೇಡ ಅಂತಿದ್ದೇನೆ, ಕಾರಿನವನು ಬೇಕು ಅಂತಿದ್ದಾನೆ! ಅವನ ಲೆಕ್ಕ ಬೇರೆ. ನಾವೆಲ್ಲ ಒಂದು ಮೂಲೆಗೆ ಸರಿದರೆ ಅವನಿಗೆ ದಾರಿ ಸಲೀಸು.

'ಅಲ್ಲ ಕಣೋ, ಆ ಲೇನ್ ಎಲ್ಲಿ ಬರುತ್ತೆ?' ಅಂದೆ. 'ಎಡಗಡೆ ಅಂಚಲ್ಲಿ ತಾನೇ? ಆ ಕಾರ್ ನಿಂತಿದ್ದೂ ಅಲ್ಲೇ.'

ನಮ್ಮ ಅಡ್ಡರಸ್ತೆಗಳಲ್ಲಿ ಬಣ್ಣ ಬಳಿದರೆ ಅದು ಬಿಟ್ಟಿ ಪಾರ್ಕಿಂಗ್ ಆಗುತ್ತೆ, ಅಷ್ಟೆ. ನಿಂತ ಕಾರು ಆರಡಿ ತಿನ್ನುತ್ತೆ, ತೆರೆದ ಬಾಗಿಲು ಇನ್ನೂ ಮೂರಡಿ. ಉಳಿದಿದ್ದರಲ್ಲಿ ಬಸ್ಸು, ಆಟೋ, ನಾನು. ಅಂಚು ಖಾಲಿ ಇದ್ದರೆ ನನಗೆ ಲೇನೇ ಬೇಡ. ಕಾರು ಮನೆಯೊಳಗೆ ನಿಲ್ಲಲಿ, ಇಲ್ಲ ರಸ್ತೆಗೆ ಬಾಡಿಗೆ ಕೊಡಲಿ. ಇದನ್ನು ಹೇಳಿದರೆ ಭಾಮೈದ ಕಾಫಿ ಲೋಟದೊಳಗೆ ಏನೋ ಹುಡುಕತೊಡಗಿದ.

ಎಲ್ಲ ಕಡೆಗೂ ಇದೇ ಮಾತು ಅನ್ನಲ್ಲ. ಅವನು ಬಂದ ಬೆಂಗಳೂರು-ಮೈಸೂರು ಹೈವೇನೇ ನೋಡಿ. ಅದರ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗೂ ಜಾಗವಿಲ್ಲ, ಇನ್ನು ಸೈಕಲ್ ಎಲ್ಲಿ! ಸರಿಯೇ. ನೂರರ ಸ್ಪೀಡಿನ ಪಕ್ಕ ಹದಿನೈದರಲ್ಲಿ ಹೋಗುವವನು ಇರಬಾರದು. ಆದರೆ ಊರೊಳಗೆ, ಕಾರೂ ಇಪ್ಪತ್ತರಲ್ಲೇ ತೆವಳುವ ಕಡೆ?

ಈ ಊರಿಗೆ ಸೈಕಲ್ ಹೊಸದೇನಲ್ಲ. 2017ರ ಜೂನ್‌ನಲ್ಲಿ ಬಾಡಿಗೆ ಸೈಕಲ್‌ನ 'ಟ್ರಿಣ್ ಟ್ರಿಣ್' ಯೋಜನೆ ಶುರುವಾದಾಗ 450 ಸೈಕಲ್ ಬಿಟ್ಟಿದ್ದರು. ನಾನೂ ಕಾರ್ಡ್ ಮಾಡಿಸಿದ್ದೆ. ಇಪ್ಪತ್ತು ವರ್ಷದ ಮೇಲೆ ಪೆಡಲ್ ತುಳಿದಿದ್ದು ಅದರಲ್ಲೇ. ಮೊದಲ ದಿನ ಅರಮನೆ ಸುತ್ತ ಒಂದು ಸುತ್ತು ಹೋಗಿ ತೊಡೆ ನೋವಿಗೆ ರಾತ್ರಿ ನಿದ್ದೆಯಿಲ್ಲ. ಮೂರನೇ ವಾರಕ್ಕೆ ಸ್ವಂತದ್ದೇ ತಗೊಂಡೆ.

'ಅಮ್ಮನ್ನ ಆಸ್ಪತ್ರೆಗೆ ಕ್ಯಾರಿಯರ್ ಮೇಲೆ ಕರ್ಕೊಂಡು ಹೋಗ್ಲಾ ಭಾವ?' ಅಂದ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅತ್ತೆಗೆ ಮಂಡಿ ನೋವು, ಬಸ್ ಮೆಟ್ಟಿಲು ಹತ್ತಲು ಆಗಲ್ಲ. ಕಾರು ಬೇಕು, ಒಪ್ಪಿದೆ. ಆದರೆ ಬೀದಿ ತುದಿಯ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಲೂ ಇವನು ಕೀ ಹುಡುಕುತ್ತಾನಲ್ಲ, ಅದು ಅತ್ತೆಯ ಮಂಡಿಗಾಗಿಯಾ?

ಅಷ್ಟರಲ್ಲಿ ನನ್ನಾಕೆ ಚೀಲ ಹಿಡಿದು ಹೊರಟಳು. ಉಚಿತ ಬಸ್ ಬಂದ ಮೇಲೆ ಅವಳು ಸುಮ್ನೆ ಆಧಾರ್ ಕಾರ್ಡ್ ತೋರಿಸಿ ಊರೆಲ್ಲ ಸುತ್ತುತ್ತಾಳೆ. 'ಮಾತು ಮುಗಿಸಿ ಅನ್ನಕ್ಕಿಡಿ' ಅಂದು ಹೋದಳು.

ಅಕ್ಕಿ ಡಬ್ಬದಲ್ಲಿ ತಳ ಕಾಣುತ್ತಿತ್ತು. ಅಂಗಡಿಗೆ ಹೋಗೋಣ ಅಂತ ಸೈಕಲ್ ತಳ್ಳಿಕೊಂಡು ಗೇಟಿಗೆ ಬಂದೆ. ಎದುರಿಗೇ, ರಸ್ತೆ ಅಂಚಿಗೆ, ಚರಂಡಿ ಚಪ್ಪಡಿಯನ್ನೂ ಸೇರಿಸಿಕೊಂಡು ಭಾಮೈದನ ಕಾರು ನಿಂತಿತ್ತು.

'ಗಾಡಿ ಹಿಂದಕ್ಕೆ ತಗೀಲಾ ಭಾವ?' ಅಂತ ಒಳಗಿಂದಲೇ ಕೂಗಿದ.

'ಬೇಡ ಬಿಡೋ' ಅಂತ ಹೇಳಿ, ಕಿರುಬೆರಳು ತಾಗದ ಹಾಗೆ ಸೈಕಲ್ ಎತ್ತಿ ಬಾನೆಟ್ ಪಕ್ಕದಿಂದ ದಾಟಿಸಿದೆ.